ಹಳೇ ಫೋಟೋ ಸ್ಕ್ಯಾನಿಂಗ್ ಸರ್ವಿಸ್ ರಿವ್ಯೂ: ಮುಖ ಅಲ್ಲ, ಮುಖದ ಹಿಂದಿನ ಗೋಡೆ ಬೇಕಾಗಿತ್ತು ನಮಗೆ

ಜಯನಗರದ ಕಡೆ ಒಂದನೇ ಮಹಡೀಲಿ ಗಂಡ ಹೆಂಡ್ತಿ ಇಬ್ಬರೇ ನಡೆಸೋ ಒಂದು ಚಿಕ್ಕ ಸ್ಟುಡಿಯೋ ಇದೆ, ಹಳೇ ಫೋಟೋ, ನೆಗೆಟಿವ್ ಸ್ಕ್ಯಾನ್ ಮಾಡೋದು, ಬೇಕಂದ್ರೆ ದೊಡ್ಡದಾಗಿ ಪ್ರಿಂಟ್ ಹಾಕಿಕೊಡೋದು, ಇಷ್ಟೇ ಅವ್ರ ಕೆಲ್ಸ. ಹೆಸರು ಇಲ್ಲಿ ಹಾಕ್ತಿಲ್ಲ ಯಾಕಂದ್ರೆ ಅವ್ರೇ ಬೇಡ ಅಂದ್ರು, ಈಗಾಗ್ಲೇ ಮೂರು ವಾರ ವೇಟಿಂಗ್ ಇದ್ಯಂತೆ. ಆದ್ರೂ ರಿವ್ಯೂ ಬರೀತಿದೀನಿ, ಯಾಕಂದ್ರೆ ಇಂಥ ಸರ್ವಿಸ್ ಈಗ ಎಲ್ಲಾ ಊರಲ್ಲೂ ಇದೆ, ಹೋದಾಗ ಏನು ಕೇಳ್ಬೇಕು, ಏನು ಮಾಡಿಸ್ಕೋಬಾರ್ದು ಅನ್ನೋದು ಗೊತ್ತಿದ್ರೆ ಬೇರೆಯವ್ರಿಗೆ ನಮಗಾದಂಗೆ ಆಗಲ್ಲ. ನಮಗೆ ಮೊದಲನೇ ಸಲ ಸರಿ ಹೋಗ್ಲಿಲ್ಲ, ಎರಡನೇ ಸಲ ಇವ್ರ ಹತ್ರ ಸಿಕ್ಕಿದ್ದು ಮಾತ್ರ ಬರೀ ಫೋಟೋ ಅಲ್ಲ, ನಮ್ಮ ಮನೇನೇ ಸಿಕ್ತು.

ಮೊದ್ಲು ಯಾಕೆ ಸ್ಕ್ಯಾನ್ ಮಾಡಿಸೋಕೆ ಹೊರಟ್ವಿ ಹೇಳ್ತೀನಿ. ತಿಪಟೂರು ಹತ್ರ ನಮ್ಮ ತಾತನ ಮನೆ ಇದೆ, ಅಪ್ಪ ಚಿಕ್ಕಪ್ಪ ಎಲ್ಲಾ ಹುಟ್ಟಿ ಬೆಳೆದಿದ್ದು ಅಲ್ಲೇ. 2004ರಲ್ಲಿ ಪಡಸಾಲೆಗೆ ಬಿಳೀ ವಿಟ್ರಿಫೈಡ್ ಟೈಲ್ಸ್ ಹಾಕ್ಸಿ, ಗೋಡೆಗೆ ಪುಟ್ಟಿ ಹೊಡ್ಸಿ, ಕಂಬಕ್ಕೆಲ್ಲ ಚಾಕಲೇಟ್ ಕಲರ್ ಆಯಿಲ್ ಪೇಂಟ್ ಬಳಿಸಿದ್ರು, ಆಗ ಅದೇ ಚೆಂದ ಅನ್ಸಿತ್ತು ಎಲ್ರಿಗೂ. ಈಗ ಟೈಲ್ಸ್ ಅಲ್ಲಲ್ಲಿ ಮೇಲೆದ್ದು ಟೊಳ್ಳು ಸದ್ದು ಬರೋಕೆ ಶುರುವಾಯ್ತು, ಹೆಂಗೂ ಕೀಳಿಸ್ಬೇಕಲ್ಲ, ಮೊದಲಿದ್ದ ಹಂಗೇ ಮಾಡ್ಸೋಣ ಅಂತ ತೀರ್ಮಾನ ಆಯ್ತು. ಆದ್ರೆ ಮೊದಲು ಹೆಂಗಿತ್ತು ಅಂತ ಕೇಳಿದ್ರೆ ಒಬ್ಬೊಬ್ರದ್ದು ಒಂದೊಂದು ಉತ್ತರ. ಅಪ್ಪ ಕೆಂಪು ನೆಲ ಅಂತಾರೆ, ಚಿಕ್ಕಪ್ಪ ಇಲ್ಲ ಅಂಚಲ್ಲಿ ಕಪ್ಪಿತ್ತು ಅಂತಾರೆ, ಅತ್ತೆ ಗೋಡೆ ನೀಲಿ ಇತ್ತು ಅಂತಾರೆ, ಅಮ್ಮ ನಾನು ಬಂದಾಗ ಹಸಿರಿತ್ತು ಅಂತಾಳೆ. ಕಾಂಟ್ರಾಕ್ಟರ್ ಹುಡುಗ ಪಿಂಟರೆಸ್ಟ್ ತೆಗೆದು ತೋರಿಸ್ದ. ಅದ್ರಲ್ಲಿ ಬಂದಿದ್ದು ಎಲ್ಲಾ ಕೇರಳದ ನಾಲುಕೆಟ್ಟು, ಚೆಟ್ಟಿನಾಡಿನ ಬಂಗಲೆ, ನೋಡೋಕೇನೋ ತುಂಬಾ ಚೆನ್ನಾಗಿವೆ, ಆದ್ರೆ ನಮ್ಮದು ತೆಂಗಿನ ತೋಟದ ಮಧ್ಯದ ಒಂದು ಸಣ್ಣ ತೊಟ್ಟಿ ಮನೆ, ನಾಲ್ಕು ಕಂಬ, ಗಿಡ್ಡನೆ ಬಾಗ್ಲು, ಇದಕ್ಕೆ ಚೆಟ್ಟಿನಾಡಿನ ಆತಂಗುಡಿ ಟೈಲ್ಸ್ ಹಾಕಿದ್ರೆ ಬೇರೆಯವ್ರ ಸೀರೆ ಉಟ್ಟಂಗೆ ಇರುತ್ತೆ.

ಆಗ ಅಮ್ಮ ಅಟ್ಟದ ಮೇಲಿನ ಟ್ರಂಕ್ ಇಳಿಸಿದ್ಲು. 43 ಫೋಟೋ. ಕಪ್ಪು ಹಾಳೆ ಆಲ್ಬಮ್ಮಲ್ಲಿ ಮೂಲೆ ಮೂಲೆಗೆ ತ್ರಿಕೋನದ ಪೇಪರ್ ಅಂಟಿಸಿ ಸಿಕ್ಕಿಸಿರೋವು 31, ಎಲ್ಲಾ ಸಣ್ಣ ಚೌಕ, ಕೆಲವಕ್ಕೆ ಅಂಚು ಹಲ್ಲು ಹಲ್ಲು ಕತ್ತರಿಸಿದಂಗೆ. ತಾತ ಒಂದು ಆಗ್ಫಾ ಕ್ಲಿಕ್ 3 ತಗೊಂಡಿದ್ರಂತೆ, ಬರೋಡಾದಲ್ಲಿ ತಯಾರಾಗ್ತಿದ್ದ ಬಾಕ್ಸ್ ಥರದ ಕ್ಯಾಮೆರಾ, ಒಂದು ರೋಲಿಗೆ 12 ಫೋಟೋ ಬರೋದು, ನೆಗೆಟಿವ್ 6 ಸೆಂಟಿಮೀಟರ್ ಚೌಕ, ಸ್ಟುಡಿಯೋದವ್ರು ಖರ್ಚು ಕಮ್ಮಿ ಅಂತ ಅದೇ ಸೈಜಿಗೆ ಪ್ರಿಂಟ್ ಹಾಕಿ ಕೊಡೋರು. ಇನ್ನು 9 ದೊಡ್ಡವು, ರಟ್ಟಿಗೆ ಅಂಟಿಸಿರೋವು, ಅದ್ರಲ್ಲಿ ಒಂದು 1951ರದ್ದು, ಅಜ್ಜಿ ತಾತನ ಮದುವೆ ಆದ ಮೇಲೆ ಮನೆ ಮುಂದೆ ಇಡೀ ಕುಟುಂಬ ಕೂತು ತೆಗೆಸಿದ್ದು, ಹಿಂದೆ ಪೆನ್ಸಿಲಲ್ಲಿ ತಾರೀಕು ಬರೆದಿದೆ. ಇನ್ನು ಮೂರು ಫ್ರೇಮಲ್ಲೇ ಇದ್ದು ಗಾಜಿಗೆ ಅಂಟ್ಕೊಂಡ್ಬಿಟ್ಟಿದ್ವು. ಜೊತೆಗೆ ಬಿಸ್ಕತ್ ಡಬ್ಬೀಲಿ 12 ನೆಗೆಟಿವ್.

ಮೊದಲು ಒಂದು ಆನ್‌ಲೈನ್ ಸರ್ವಿಸಿಗೆ ಕೊಟ್ವಿ. ಮನೆಗೇ ಬಂದು ತಗೊಂಡು ಹೋಗ್ತಾರೆ, ಒಂದು ಫೋಟೋಗೆ 15 ರೂಪಾಯಿ, ನಾಲ್ಕೇ ದಿನ, ಆಟೋಮ್ಯಾಟಿಕ್ ರಿಸ್ಟೋರೇಷನ್ ಫ್ರೀ. ಟ್ರಯಲ್‌ಗೆ ಅಂತ 10 ಫೋಟೋ ಕೊಟ್ಟಿದ್ವಿ. ವಾಪಸ್ ಬಂದ ಫೈಲ್ ನೋಡಿದಾಗ ಮೊದಲ ನೋಟಕ್ಕೆ ಖುಷೀನೇ ಆಯ್ತು, ಅಜ್ಜಿ ಮುಖ ಎಷ್ಟು ನೀಟಾಗಿ ಕಾಣ್ತಿದೆ ಅಂತ. ಆಮೇಲೆ ಜೂಮ್ ಮಾಡ್ದೆ. ಹಿಂದಿನ ಗೋಡೆ ಮಂಜು ಮಂಜು. ಸುತ್ತ ಎರಡೆರಡು ಬೆರಳು ಕ್ರಾಪ್ ಮಾಡಿದಾರೆ, ಕಾಲ ಕೆಳಗಿನ ನೆಲಾನೇ ಇಲ್ಲ. ಅಜ್ಜಿ ಚರ್ಮ ಮೇಣದ ಬೊಂಬೆ ಥರ ನುಣ್ಣಗಾಗಿದೆ, ಹಣೆ ಮೇಲಿದ್ದ ಗಾಯದ ಗುರುತು ಮಾಯ. ಒಂದಕ್ಕೆ ಕಲರ್ ಬೇರೆ ಹಾಕಿದ್ರು, ನೆಲ ಬೂದು, ಗೋಡೆ ಕ್ರೀಮ್. ಮುಖ ಅಷ್ಟೇ ಬೇಕು ಅನ್ನೋರಿಗೆ ಇದು ಸಾಕಾಗ್ಬಹುದು, ನಮಗೆ ಬೇಕಾಗಿದ್ದಿದ್ದು ಮಾತ್ರ ಒಂದೂ ಉಳಿದಿರ್ಲಿಲ್ಲ.

ಅಲ್ಲಿಂದ ಜಯನಗರದ ಈ ಸ್ಟುಡಿಯೋಗೆ ಬಂದಿದ್ದು. ಟ್ರಂಕಿಂದ ತಂದಿದ್ದ ಕವರ್ ಟೇಬಲ್ ಮೇಲೆ ಇಡ್ತಿದ್ದ ಹಂಗೇ ಆ ಮೇಡಂ ಕೇಳಿದ ಮೊದಲನೇ ಪ್ರಶ್ನೆ, ಇದು ಯಾತಕ್ಕೆ ಬೇಕು ನಿಮಗೆ, ಅಂತ. ಗೋಡೆಗೆ ಹಾಕೋಕಾ, ಬರೀ ಎತ್ತಿಡೋಕಾ, ಅಥವಾ ಏನಾದ್ರೂ ಹುಡುಕ್ತಿದೀರಾ. ಮನೆ ರಿಪೇರಿ ವಿಷಯ ಹೇಳ್ದೆ. ಹಂಗಾದ್ರೆ ನಿಮಗೆ ಮುಖ ಅಲ್ಲ ಬೇಕಾಗಿರೋದು, ಹಿಂದೆ ಇರೋದು, ಅಂಚಿನ ತನಕ ಬಿಳೀ ಬಾರ್ಡರ್ ಸಮೇತ ಸ್ಕ್ಯಾನ್ ಮಾಡ್ತೀವಿ, ಒಂದು ಚುಕ್ಕೀನೂ ಮುಟ್ಟಲ್ಲ, ಧೂಳಿದ್ರೆ ಧೂಳು ಸಮೇತ ಕೊಡ್ತೀವಿ, ಆಮೇಲೆ ಬೇಕಾದ್ರೆ ಬೇರೆ ಕಾಪೀಲಿ ಕ್ಲೀನ್ ಮಾಡ್ಕೊಳ್ಳಿ ಅಂದ್ರು. ಆ ಒಂದು ಮಾತಿಗೇ ನಾನು ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತಿರೋದು.

ರೇಟ್ ಹೇಳ್ಬಿಡ್ತೀನಿ. ಸಣ್ಣ ಪ್ರಿಂಟಿಗೆ 1200 ಡಿಪಿಐ (ಅಂದ್ರೆ ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ) ಸ್ಕ್ಯಾನ್ 90 ರೂಪಾಯಿ, ದೊಡ್ಡದಕ್ಕೆ 600 ಡಿಪಿಐ 60, ಗಾಜಿಗೆ ಅಂಟಿರೋದನ್ನ ಸ್ಕ್ಯಾನರ್ ಬದಲು ಕ್ಯಾಮೆರಾದಲ್ಲಿ ತೆಗೀತಾರೆ, ಅದು 250, ನೆಗೆಟಿವ್ 120. ನಮ್ಮ 43 ಫೋಟೋ, 12 ನೆಗೆಟಿವ್ ಎಲ್ಲಾ ಸೇರಿ 5,520 ಆಯ್ತು. 15 ರೂಪಾಯಿಗೆ ಹೋಲಿಸಿದ್ರೆ ಜಾಸ್ತಿ, ಒಪ್ಕೋತೀನಿ. ಆದ್ರೆ ಲೆಕ್ಕ ನೋಡಿ. ಆರು ಸೆಂಟಿಮೀಟರ್ ಫೋಟೋನ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ್ರೆ ಅಗಲಕ್ಕೆ ಸುಮಾರು 700 ಪಿಕ್ಸೆಲ್, ಫೋನ್ ಸ್ಕ್ರೀನಿನ ಅಗಲಾನೂ ತುಂಬಲ್ಲ. 1200ರಲ್ಲಿ ಸುಮಾರು 2,800. ಅದೇ ನೆಗೆಟಿವ್ ಸಿಕ್ಕಿ 2400ರಲ್ಲಿ ಮಾಡಿದ್ರೆ 5,600 ದಾಟುತ್ತೆ. ಫೋಟೋ ಸಣ್ಣದಿದ್ದಷ್ಟೂ ಡಿಪಿಐ ಜಾಸ್ತಿ ಬೇಕು, ಇದನ್ನ ಎಲ್ರೂ ಉಲ್ಟಾ ಅಂದ್ಕೊಂಡಿರ್ತಾರೆ, ನಾನೂ ಹಂಗೇ ಅಂದ್ಕೊಂಡಿದ್ದೆ. ನೆಗೆಟಿವ್ ಇದ್ರೆ ದಯವಿಟ್ಟು ಎಸೀಬೇಡಿ, ಪ್ರಿಂಟಿಗಿಂತ ಅದ್ರಲ್ಲೇ ಜಾಸ್ತಿ ಇರುತ್ತೆ, ಪ್ರಿಂಟಲ್ಲಿ ಬರೀ ಕಪ್ಪಾಗಿ ಕಾಣೋ ಮೂಲೇಲೂ ಅದ್ರಲ್ಲಿ ಏನೋ ಸಿಗುತ್ತೆ.

ಫೋನಲ್ಲೇ ಮಾಡ್ಕೋಬಹುದಲ್ಲ ಅಂತ ಕೇಳೋರಿಗೆ: ಗೂಗಲ್‌ನವ್ರ ಫೋಟೋಸ್ಕ್ಯಾನ್ ಆ್ಯಪ್ ಇದೆ, 2016ರಲ್ಲಿ ಬಂದಿದ್ದು, ನಾಲ್ಕು ಚುಕ್ಕಿ ಮೇಲೆ ಫೋನ್ ಆಡಿಸಿದ್ರೆ ಮಿಂಚು ತೆಗೆದು ಒಂದು ಫೋಟೋ ಮಾಡಿಕೊಡುತ್ತೆ, ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕೋಕೆ, ಇದು ಯಾರು ಅಂತ ಅತ್ತೆಗೆ ಕಳ್ಸಿ ಕೇಳೋಕೆ ತುಂಬಾ ಒಳ್ಳೇದು, ನಾನೂ ಬಳಸ್ತೀನಿ. ಗೋಡೆ ನೋಡ್ಬೇಕು ಅಂದ್ರೆ ಮಾತ್ರ ಸ್ಕ್ಯಾನರೇ ಬೇಕು.

ಗಾಜಿಗೆ ಅಂಟಿದ್ದ ಮೂರು ಫೋಟೋ ವಿಷಯ. ನಾನೇ ಮನೇಲಿ ಚಾಕು ಹಾಕಿ ಬಿಡಿಸೋಣ ಅಂತಿದ್ದೆ, ಅವ್ರು ಗಾಬರಿಯಾಗಿ ಬೇಡ್ವೇ ಬೇಡ ಅಂದ್ರು. ತೇವಕ್ಕೆ ಫೋಟೋ ಮೇಲಿನ ಜಿಲೆಟಿನ್ ಪದರ ಮೆತ್ತಗಾಗಿ ಗಾಜಿಗೆ ಹಿಡ್ಕೊಂಡಿರುತ್ತೆ, ಎಳೆದ್ರೆ ಚಿತ್ರ ಗಾಜಿನ ಜೊತೆ ಹೋಗುತ್ತೆ, ಪೇಪರ್ ಮಾತ್ರ ಕೈಗೆ ಬರುತ್ತೆ. ಗಾಜಿನ ಸಮೇತ ಮೇಲಿಂದ ಕ್ಯಾಮೆರಾ ಇಟ್ಟು, ಎರಡೂ ಕಡೆಯಿಂದ ಲೈಟ್ ಬಿಟ್ಟು, ಮಿಂಚು ತಡೆಯೋ ಪೋಲರೈಸಿಂಗ್ ಫಿಲ್ಟರ್ ಹಾಕಿ ತೆಗೆದ್ರು, ಗಾಜಿದೆ ಅಂತಾನೇ ಗೊತ್ತಾಗಲ್ಲ. ಎಂಬತ್ತು ತೊಂಬತ್ತರ ದಶಕದ ಆ ಅಂಟು ಹಾಳೆ ಆಲ್ಬಮ್ ಇರುತ್ತಲ್ಲ, ಪ್ಲಾಸ್ಟಿಕ್ ಎತ್ತಿ ಫೋಟೋ ಅಂಟಿಸಿ ಮತ್ತೆ ಮುಚ್ಚೋದು, ಅದ್ರಿಂದ ಬಿಡಿಸೋಕೂ ಉಗುರು ಹಾಕ್ಬೇಡಿ, ಹಲ್ಲು ಸಂದಿಗೆ ಹಾಕೋ ಫ್ಲಾಸ್ ದಾರ ಹಿಂದಿನಿಂದ ಮೆಲ್ಲಗೆ ಗರಗಸದ ಥರ ಎಳೆದ್ರೆ ಬಿಡುತ್ತೆ. ಇದನ್ನ ಹೇಳಿಕೊಟ್ಟಿದ್ದಕ್ಕೆ ಅವ್ರು ದುಡ್ಡೇನೂ ತಗೊಳ್ಳಲಿಲ್ಲ.

ಈಗ ಫೋಟೋದೊಳಗೆ ಸಿಕ್ಕಿದ್ದಕ್ಕೆ ಬರ್ತೀನಿ, ಇದನ್ನ ಬರೀಬೇಕು ಅಂತಾನೇ ಇಷ್ಟುದ್ದ ಶುರು ಮಾಡಿದ್ದು.

1951ರ ಆ ದೊಡ್ಡ ಫೋಟೋ ಲ್ಯಾಪ್‌ಟಾಪಲ್ಲಿ ತೆಗೆದು ಎಲ್ರೂ ಸುತ್ತ ಕೂತ್ವಿ. ಮನುಷ್ಯರನ್ನ ಬಿಟ್ಟು ಬರೀ ಹಿಂದೆ ನೋಡೋದು ಅಂತ ಮಾತಾಗಿತ್ತು, ಆದ್ರೂ ಅತ್ತೆಗೆ ತಡ್ಕೊಳ್ಳೋಕಾಗ್ಲಿಲ್ಲ, ಹತ್ತು ನಿಮಿಷ ಅವ್ರಜ್ಜಿ ಮುಖಾನೇ ನೋಡ್ತಿದ್ರು, ಇರ್ಲಿ. ಮೊದ್ಲು ಕಂಡಿದ್ದು ಸೂರು. ನಮ್ಮ ದೊಡ್ಡಪ್ಪ ಯಾವಾಗ್ಲೂ ಈ ಮನೆ 1865ರಲ್ಲಿ ಕಟ್ಟಿದ್ದು ಅನ್ನೋರು, ಯಾಕಂದ್ರೆ ಮಾಡಿನ ಹೆಂಚಿನ ಹಿಂದೆ ಬಾಸೆಲ್ ಮಿಷನ್ ಅಂತ ಅಚ್ಚಿದ್ದು ಕೆಳಗೆ 1865 ಅಂತ ಇದೆ. ಫೋಟೋದಲ್ಲಿ ನೋಡಿದ್ರೆ ಮಂಗಳೂರು ಹೆಂಚೇ ಇಲ್ಲ, ಅರ್ಧ ಕೊಳವೆ ಥರದ ನಾಡ ಹೆಂಚಿದೆ. ಅಂದ್ರೆ 1951ರ ತನಕ ನಾಡ ಹೆಂಚೇ, ಮಂಗಳೂರು ಹೆಂಚು ಬಂದಿದ್ದು ಆಮೇಲೆ, ಎಲ್ಲೋ ಹಳೇದು ತಂದು ಹೊದಿಸಿರ್ಬೇಕು. 1865 ಅನ್ನೋದು ಬಾಸೆಲ್ ಮಿಷನ್‌ನವ್ರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ, ಅದನ್ನೇ ಹೆಂಚಿನ ಮೇಲೆ ಹಾಕ್ತಿದ್ರು, ಹೆಂಚು ಸುಟ್ಟ ವರ್ಷ ಅಲ್ಲ ಅದು. ದೊಡ್ಡಪ್ಪನಿಗೆ ಸ್ವಲ್ಪ ಬೇಜಾರಾಯ್ತು.

ಆಮೇಲೆ ಗೋಡೆ. ನೆಲದಿಂದ ಮೇಲಕ್ಕೆ ಒಂದು ಕಪ್ಪು ಪಟ್ಟಿ, ಅದ್ರ ಮೇಲೆ ಬೆಳ್ಳಗೆ. ಎಲ್ರೂ ಕಪ್ಪು ಬಣ್ಣ ಬಳಿದಿದ್ರು ಅಂದ್ಕೊಂಡ್ವಿ. ಸ್ಟುಡಿಯೋದವ್ರು ಫೋನಲ್ಲಿ ಹೇಳಿದ್ರು, ಹಳೇ ಕಾಲದ ಕೆಲವು ಪ್ಲೇಟು ಫಿಲ್ಮುಗಳಿಗೆ ಕೆಂಪು ಬೆಳಕು ತಾಗ್ತಾನೇ ಇರ್ಲಿಲ್ಲ, ಕೆಂಪಿರೋದೆಲ್ಲ ಕಪ್ಪಾಗಿ ಬರುತ್ತೆ, ನೀಲಿ ಇರೋದೆಲ್ಲ ಬಿಳಿಯಾಗಿ ಬರುತ್ತೆ, ಅಜ್ಜಿ ಹಣೆ ಕುಂಕುಮ ನೋಡಿ ಹೆಂಗೆ ಮಸಿ ಥರ ಇದೆ ಅಂತ. ನೋಡಿದ್ವಿ, ಹೌದು! ಹಂಗಾದ್ರೆ ಆ ಪಟ್ಟಿ ಕೆಮ್ಮಣ್ಣು. ಸುಣ್ಣದ ಗೋಡೆಗೆ ಬುಡದಲ್ಲಿ ಕೆಮ್ಮಣ್ಣಿನ ಕಾರಣೆ, ಅಮ್ಮ ತಕ್ಷಣ ನಮ್ಮ ತವರಲ್ಲೂ ಹಂಗೇ ಹಬ್ಬಕ್ಕೆ ಬಳೀತಿದ್ವಿ ಅಂದ್ಲು. ಅಷ್ಟಕ್ಕೇ ನಂಬಲಿಲ್ಲ ನಾವು, ಮೇಸ್ತ್ರಿ ಹತ್ರ ಬಾಗಿಲ ಪಕ್ಕ ಒಂದು ಅಂಗೈ ಅಗಲ ಜಾಗ ಬ್ಲೇಡಲ್ಲಿ ಪದರ ಪದರವಾಗಿ ಮೆಲ್ಲಗೆ ಕೆರೆಸಿದ್ವಿ. ಪುಟ್ಟಿ ಕೆಳಗೆ ಡಿಸ್ಟೆಂಪರ್, ಅದ್ರ ಕೆಳಗೆ ಹಸಿರು, ಅದ್ರ ಕೆಳಗೆ ತಿಳಿ ನೀಲಿ ಸುಣ್ಣ, ಸುಣ್ಣಕ್ಕೆ ಬಟ್ಟೆ ನೀಲಿ ಬೆರೆಸೋರಲ್ಲ ಅದು, ಬುಡದಲ್ಲಿ ಕೆಂಪು. ಅಂದ್ರೆ ಅಮ್ಮ ಹೇಳಿದ ಹಸಿರೂ ನಿಜ, ಅತ್ತೆ ಹೇಳಿದ ನೀಲೀನೂ ನಿಜ, ಅವ್ರವ್ರ ಕಾಲದ ಗೋಡೆ ಅವ್ರವ್ರಿಗೆ ನೆನಪಿತ್ತು. ಆ ಮೊದಲನೇ ಸರ್ವಿಸಿನ ಸಾಫ್ಟ್‌ವೇರ್ ಹಾಕಿದ ಕ್ರೀಮ್ ಯಾವ ಪದರದಲ್ಲೂ ಇರ್ಲಿಲ್ಲ. ಕಪ್ಪು ಬಿಳುಪು ಫೋಟೋಗೆ ಮಷೀನ್ ಹಾಕೋ ಬಣ್ಣ ಊಹೆ ಅಷ್ಟೇ, ಅದನ್ನ ನೋಡಿ ಯಾರೂ ಪೇಂಟ್ ಆರ್ಡರ್ ಮಾಡ್ಬೇಡಿ. ಫೋಟೋ ಎಲ್ಲಿ ಕೆರೀಬೇಕು ಅಂತ ತೋರಿಸುತ್ತೆ, ಬಣ್ಣ ಗೋಡೇನೇ ಹೇಳ್ಬೇಕು. ಎಂಬತ್ತರ ದಶಕದ ಕಲರ್ ಫೋಟೋನೂ ಹಂಗೇ ನಂಬೋಕಾಗಲ್ಲ, ಕತ್ತಲಲ್ಲಿಟ್ರೂ ಅದ್ರಲ್ಲಿರೋ ನೀಲಿ ಹಸಿರು ಬಣ್ಣ ಮೊದ್ಲು ಮಾಸಿ ಎಲ್ಲಾ ಕೆಂಪಗೆ ತಿರುಗಿರುತ್ತೆ, ಆ ಚೆಂದದ ಕೇಸರಿ ಗೋಡೆ ಅಸಲಿಗೆ ಬಿಳೀನೇ ಇದ್ದಿರ್ಬಹುದು.

ಪಟ್ಟಿ ಎಷ್ಟು ಎತ್ತರ ಬೇಕು ಅಂತಾನೂ ಫೋಟೋದಲ್ಲೇ ಅಳೆದ್ವಿ. ಮುಂಬಾಗಿಲಿನ ಚೌಕಟ್ಟು ಇವತ್ತಿಗೂ ಅದೇ ಇದೆ, ಅಗಲ 42 ಇಂಚು. ಸ್ಕ್ಯಾನಲ್ಲಿ ಅದು 840 ಪಿಕ್ಸೆಲ್ ಬಂತು, ಪಟ್ಟಿ ಎತ್ತರ 360 ಪಿಕ್ಸೆಲ್, ಅಂದ್ರೆ 18 ಇಂಚು, ಸರಿಯಾಗಿ ಒಂದೂವರೆ ಅಡಿ. ಮನೇಲಿ ಇವತ್ತಿಗೂ ಬದಲಾಗದೆ ಇರೋ ಒಂದು ವಸ್ತು ಫೋಟೋದಲ್ಲಿದ್ರೆ ಸಾಕು, ಅದೇ ಅಳತೆಗೋಲು. ಆದ್ರೆ ಎರಡೂ ಒಂದೇ ಗೋಡೆ ಸಾಲಲ್ಲಿರ್ಬೇಕು, ಮುಂದಿರೋ ಕುರ್ಚೀನ ಹಿಂದಿರೋ ಬಾಗಿಲ ಜೊತೆ ಅಳೆದ್ರೆ ಲೆಕ್ಕ ತಪ್ಪುತ್ತೆ.

ಇದಕ್ಕಿಂತ ಜಾಸ್ತಿ ಮೈ ಜುಂ ಅಂದಿದ್ದು ಪಡಸಾಲೆ ಒಳಗಿನ ಫೋಟೋ. 1973, ಅತ್ತೆ ಮದುವೆಗೆ ಮುಂಚಿನ ದಿನ, ತಾತ ತೆಗೆದಿದ್ದು, ಪ್ರಿಂಟಲ್ಲಿ ಬರೀ ಕತ್ತಲು, ಕಿಟಕಿ ಪಕ್ಕ ಅತ್ತೆ ಒಬ್ರೇ ಕಾಣ್ತಾರೆ. ಅದೃಷ್ಟಕ್ಕೆ ಅದ್ರ ನೆಗೆಟಿವ್ ಬಿಸ್ಕತ್ ಡಬ್ಬೀಲಿತ್ತು. ಸ್ಕ್ಯಾನ್ ಮಾಡಿ ಸ್ವಲ್ಪ ಬೆಳಕು ಏರಿಸಿದ್ರೆ ಎಡಗಡೆ ಗೋಡೇಲಿ ಒಂದು ಗೂಡು. ಮೇಲೆ ಕಮಾನಿನ ಥರ, ಒಳಗೆ ಒಂದು ದೀಪ, ಅದ್ರ ಪಕ್ಕ ಎರಡು ಗಿಣಿಗೂಟ. ಆ ಜಾಗದಲ್ಲಿ ಈಗ ಗಾಡ್ರೇಜ್ ಬೀರು ಇದೆ, ಅದ್ರ ಹಿಂದೆ ಸಪಾಟು ಗೋಡೆ. ಗೂಡಿತ್ತು ಅಂತ ಮನೇಲಿ ಒಬ್ರಿಗೂ ನೆನಪಿರ್ಲಿಲ್ಲ, ಅಲ್ಲೇ ಹುಟ್ಟಿದ ಅಪ್ಪನಿಗೂ ನೆನಪಿರ್ಲಿಲ್ಲ! ಬೀರು ಸರಿಸಿ ಗೋಡೆ ತಟ್ಟಿದ್ವಿ, ಒಂದು ಕಡೆ ಗಟ್ಟಿ ಸದ್ದು, ಒಂದು ಕಡೆ ಡಬ ಡಬ. ಮೇಸ್ತ್ರಿ ಸಣ್ಣ ಉಳೀಲಿ ಬಿಡಿಸ್ತಾ ಹೋದ್ರು, ಯಾರೋ ಯಾವಾಗ್ಲೋ ಇಟ್ಟಿಗೆ ಚೂರು, ಮಣ್ಣು ಎಲ್ಲಾ ತುಂಬಿ ಮೇಲೆ ಗಾರೆ ಮಾಡಿದ್ರು. ಸಾಯಂಕಾಲದ ಹೊತ್ತಿಗೆ ಗೂಡು ಪೂರ್ತಿ ಬಾಯಿ ಬಿಡ್ತು, ಮೇಲಿನ ಕಮಾನಿಗೆ ದೀಪದ ಮಸಿ ಹಂಗೇ ಇತ್ತು. ಅಪ್ಪ ಬೆರಳಲ್ಲಿ ಮುಟ್ಟಿ ನೋಡಿದ್ರು, ಬೆರಳಿಗೆ ಕಪ್ಪು ಹತ್ತಿತು. ಅಪ್ಪ ಅಷ್ಟು ಹೊತ್ತು ಸುಮ್ನೆ ನಿಂತಿದ್ದನ್ನ ನಾನು ಯಾವತ್ತೂ ನೋಡಿರ್ಲಿಲ್ಲ. ಆ ಮಸಿ ಒರೆಸಿಲ್ಲ, ಒಳಗೆ ಸುಣ್ಣ ಹೊಡೆಯೋವಾಗ್ಲೂ ಕಮಾನನ್ನ ಹಂಗೇ ಬಿಟ್ಟಿದೀವಿ.

ಅದೇ ಫೋಟೋದಲ್ಲಿ ಬಾಗಿಲ ಮೇಲೆ ಸಾಲಾಗಿ ಏಳು ಫ್ರೇಮ್, ಈಗ ನಾವು ಹಾಕೋ ಥರ ಗೋಡೆಗೆ ಅಂಟಿದಂಗಲ್ಲ, ಬುಡ ಒಂದು ಮರದ ಪಟ್ಟಿ ಮೇಲೆ ಕೂತು, ತಲೆ ಮುಂದಕ್ಕೆ ಬಾಗಿ ದಾರದಲ್ಲಿ ನಿಂತಿರೋವು. ಕೆಳಗೆ ಚಾಪೆ ಮೇಲೆ ಕೂತು ನೋಡೋರ ಕಣ್ಣಿಗೆ ನೇರ ಆಗ್ಲಿ ಅಂತ, ಗಾಜಿನ ಮೇಲೆ ಬಾಗಿಲ ಬೆಳಕು ಮಿಂಚಬಾರ್ದು ಅಂತ ಹಂಗೆ ಬಗ್ಗಿಸೋದು, ನಾವೇ ಮಾಡಿ ನೋಡಿದ ಮೇಲೆ ಅರ್ಥ ಆಯ್ತು. ಈ ಸ್ಟುಡಿಯೋದಲ್ಲೇ ಏಳು ಪ್ರಿಂಟ್ ಹಾಕ್ಸಿದ್ವಿ, ಮ್ಯಾಟ್ ಪೇಪರಲ್ಲಿ, ಹಳೇ ಫೋಟೋದ ಬೆಚ್ಚಗಿನ ಬಣ್ಣ ಉಳಿಸಿ, ತುಂಬಾ ಚೆನ್ನಾಗಿ ಬಂದಿದೆ. ಒರಿಜಿನಲ್ ಯಾವುದನ್ನೂ ಗೋಡೆಗೆ ಹಾಕ್ಲಿಲ್ಲ, ಬಿಸಿಲಿಗೆ ಹೋಗುತ್ತೆ ಅಂತ ಅವ್ರೇ ಎಚ್ಚರಿಸಿದ್ರು, ಆಸಿಡ್ ಇಲ್ಲದ ಕವರಲ್ಲಿ ಒಂದೊಂದಾಗಿ ಹಾಕಿ ಕೊಟ್ಟಿದ್ರು, ಅದೇ ಕವರಲ್ಲಿ ಬೀರೂಲಿಟ್ಟಿದೀವಿ.

ನೆಲದ ವಿಷಯ. ಅಂಚಲ್ಲಿ ಕಪ್ಪು ಪಟ್ಟಿ ಇತ್ತು ಅಂದ ಚಿಕ್ಕಪ್ಪನ ಮಾತೇ ಸರಿ, ಮೂರು ಫೋಟೋದಲ್ಲಿ ಸ್ಪಷ್ಟವಾಗಿದೆ. ಟೈಲ್ಸ್ ಕಿತ್ತಾಗ ಹಳೇ ರೆಡ್ ಆಕ್ಸೈಡ್ ಬಹುಪಾಲು ಅದ್ರ ಜೊತೆಗೇ ಎದ್ದು ಬಂತು, ಹೊಸ್ತಿಲ ಹತ್ರ ಒಂದು ಮೊಳ ಉಳೀತು, ಅದ್ರ ಪಕ್ಕದಲ್ಲೇ ಹೊಸಾದು ಹೊಂದಿಸಿದ್ವಿ. ಸುಮಾರು ಮೂರು ಭಾಗ ಸಿಮೆಂಟಿಗೆ ಒಂದು ಭಾಗ ರೆಡ್ ಆಕ್ಸೈಡ್, ಕೈ ಕರಣೇಲೇ ತಿಕ್ಕಿ ತಿಕ್ಕಿ ನುಣುಪು ಮಾಡೋದು, ವಾರಕ್ಕೂ ಮೇಲೆ ನೀರು ಕಟ್ಟಿ ನಿಲ್ಸೋದು. ಈ ಕೆಲ್ಸ ಬರೋ ಮೇಸ್ತ್ರಿ ಹುಡುಕೋದೇ ಒಂದು ತಿಂಗಳಾಯ್ತು, ಅದರ ಕತೆ ಬೇರೇನೇ ಇದೆ. ಈಗ ಅಮ್ಮ ಒರೆಸಿದ ಮೇಲೆ ಒಂದೊಂದು ಹನಿ ಕೊಬ್ಬರಿ ಎಣ್ಣೆ ಬಟ್ಟೇಲಿ ಹಾಕಿ ತಿಕ್ತಾಳೆ, ತಿಪಟೂರಲ್ಲಿ ಕೊಬ್ಬರಿ ಎಣ್ಣೆಗೇನು ಬರ ಇಲ್ಲವಲ್ಲ.

ಒಂದು ಎಚ್ಚರಿಕೆ. ಸ್ಟುಡಿಯೋ ಒಳಗೆ ತೆಗೆಸಿದ ಹಳೇ ಫೋಟೋ ನೋಡಿ ಮನೆ ಡಿಸೈನ್ ಮಾಡ್ಬೇಡಿ. ಆ ಕಂಬ, ಮೆಟ್ಟಿಲು, ಹೂಕುಂಡ, ಬಾಲ್ಕನಿ ಎಲ್ಲಾ ಪರದೆ ಮೇಲೆ ಬರೆದ ಚಿತ್ರ, ಆ ಕೆತ್ತನೆ ಕುರ್ಚಿ ಸ್ಟುಡಿಯೋದವ್ರದ್ದು, ಊರವ್ರೆಲ್ಲ ಅದೇ ಕುರ್ಚಿ ಮೇಲೆ ಕೂತಿರ್ತಾರೆ. ಅಂಥ ಫೋಟೋದಲ್ಲಿ ನಿಮ್ಮದು ಅಂತ ಇರೋದು ಸೀರೆ, ಒಡವೆ, ಮುಡಿಗಿಟ್ಟ ಹೂವು ಅಷ್ಟೇ. ಆದ್ರೆ ಅದೂ ಕಮ್ಮಿ ಅಲ್ಲ, ಅಜ್ಜಿ ಸೀರೆ ಅಂಚಿನ ಗೋಪುರ ಕುಸುರಿ ನೋಡಿ ನನ್ನ ತಂಗಿ ಪಡಸಾಲೆ ಪರದೆಗೆ ಅಂಚು ಹೊಲಿಸಿದಾಳೆ, ಅಂಗಡೀಲಿ ಎಲ್ಲೂ ಸಿಗಲ್ಲ ಅಂಥದ್ದು.

ಮನೇಲಿ ಹಳೇ ಫೋಟೋನೇ ಇಲ್ಲ ಅನ್ನೋರು ತುಂಬಾ ಜನ ಇರ್ತಾರೆ, ಕ್ಯಾಮೆರಾ ಅನ್ನೋದು ಎಲ್ಲಾ ಮನೆಗೂ ಬಂದಿದ್ದಲ್ಲ. ಅವ್ರಿಗೆ ನಾನು ಹೇಳೋದು ಬೆಂಗಳೂರು ಕಸ್ತೂರಬಾ ರಸ್ತೆಯ ಮ್ಯಾಪ್, ಅಂದ್ರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, 2023ರಲ್ಲಿ ಶುರುವಾಗಿದ್ದು, ಹಳೇ ಫೋಟೋಗಳ ದೊಡ್ಡ ಸಂಗ್ರಹ ಇದೆ ಅವ್ರ ಹತ್ರ. ಶುರುವಿನಲ್ಲೇ ಬರೋಡಾದ ಜ್ಯೋತಿ ಭಟ್ ಅವ್ರ ಫೋಟೋ ಪ್ರದರ್ಶನ ಇಟ್ಟಿದ್ರು. ಅವ್ರು ಅರವತ್ತರ ದಶಕದಿಂದ ಹಳ್ಳಿ ಹಳ್ಳಿ ತಿರುಗಿ, ಜನ ತಮ್ಮ ಮನೆ ಗೋಡೆ ಮೇಲೆ, ಅಂಗಳದಲ್ಲಿ ಬರೆಯೋ ಚಿತ್ತಾರಗಳನ್ನೆಲ್ಲ ಫೋಟೋ ತೆಗೆದೋರು, ಕಪ್ಪು ಬಿಳುಪಲ್ಲೇ ಆ ಗೋಡೆಗಳ ತರಿ ತರಿ ಕೈಗೆ ಸಿಗೋ ಹಂಗಿರುತ್ತೆ. ಹಿಂದಿನ ಗೋಡೆ ನೋಡೋದು ಹೆಂಗೆ ಅಂತ ಕಣ್ಣಿಗೆ ಅಭ್ಯಾಸ ಆಗ್ಬೇಕಂದ್ರೆ ಅವ್ರ ಫೋಟೋಗಳನ್ನ ನೋಡಿ.

ಈ ಸ್ಟುಡಿಯೋ ಬಗ್ಗೆ ಅರ್ಧ ಸ್ಟಾರ್ ಕಮ್ಮಿ ಕೊಟ್ಟಿದ್ದು ಯಾಕೆ ಅಂದ್ರೆ, ಹತ್ತು ದಿನ ಅಂದಿದ್ದು ಇಪ್ಪತ್ತೆರಡು ದಿನ ಆಯ್ತು, ಲೇಟಾಗುತ್ತೆ ಅಂತ ಫೋನ್ ಮಾಡಿ ಹೇಳ್ಲಿಲ್ಲ, ನಮ್ಮ ಅಜ್ಜಿ ಫೋಟೋ ಎಲ್ಲೋ ಕಳೆದೋಯ್ತೇನೋ ಅಂತ ನಿದ್ದೆ ಬಂದಿಲ್ಲ ನನಗೆ. ಫೈಲ್ ಹೆಸರೆಲ್ಲ ಬರೀ ನಂಬರ್, ಯಾವುದು ಯಾವ ಫೋಟೋದ್ದು ಅಂತ ಹೊಂದಿಸೋಕೆ ಒಂದು ಭಾನುವಾರ ಪೂರ್ತಿ ಹೋಯ್ತು. ಫೋಟೋಗಳ ಹಿಂದಿನ ಬರಹ ಸ್ಕ್ಯಾನ್ ಮಾಡಿರ್ಲಿಲ್ಲ, ಕೇಳಿದ ಮೇಲೆ ಮಾಡಿಕೊಟ್ರು, ದುಡ್ಡು ತಗೊಳ್ಳಲಿಲ್ಲ, ಆದ್ರೆ ಕೇಳದೇನೇ ಮಾಡ್ಬೇಕಾಗಿತ್ತು, ತಾರೀಕು ಊರು ಎಲ್ಲಾ ಇರೋದೇ ಹಿಂದೆ. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು, ವಯಸ್ಸಾದವ್ರು ಟ್ರಂಕ್ ಹೊತ್ಕೊಂಡು ಹೋಗೋದು ಕಷ್ಟ.

ಹೋಗೋರು ಕೌಂಟರಲ್ಲೇ ಬಾಯಿಬಿಟ್ಟು ಹೇಳಿ: ಕ್ರಾಪ್ ಮಾಡ್ಬೇಡಿ, ಧೂಳು ತೆಗೆಯೋ ಆಪ್ಷನ್ ಆಫ್ ಮಾಡಿ, ಚಿತ್ರ ಕುಗ್ಗಿಸಿ ವಿವರ ಕಳೆಯದ ಟಿಫ್ ಫೈಲ್ ಕೊಡಿ, ಹಿಂದೂ ಮುಂದೂ ಸ್ಕ್ಯಾನ್ ಮಾಡಿ. ಅದ್ರಲ್ಲೂ ಆ ಧೂಳಿನ ವಿಷಯ ಯಾಕೆ ಅಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, ಮೊದಲನೇ ಸರ್ವಿಸಿಗೆ ಕೊಟ್ಟ ಹತ್ತರಲ್ಲಿ ಒಂದು ಫೋಟೋ ಇತ್ತು, ಅಜ್ಜಿ ಬಾಗಿಲಲ್ಲಿ ಮೊರ ಹಿಡ್ಕೊಂಡು ನಿಂತಿರೋದು. ಅವ್ರು ಕೊಟ್ಟ ಫೈಲಲ್ಲಿ ಅಂಗಳ ನುಣ್ಣಗೆ, ಖಾಲಿ. ಇವ್ರು ಕೊಟ್ಟ ಸ್ಕ್ಯಾನಲ್ಲಿ ಅದೇ ಅಂಗಳದ ತುಂಬಾ ಸಣ್ಣ ಸಣ್ಣ ಬಿಳೀ ಚುಕ್ಕಿ. ನಾನು ಧೂಳು ಅಂದ್ಕೊಂಡೆ, ಆ ಸಾಫ್ಟ್‌ವೇರೂ ಹಂಗೇ ಅಂದ್ಕೊಂಡು ಒರೆಸಿ ಹಾಕಿತ್ತು. ಅಮ್ಮ ಕನ್ನಡಕ ಹಾಕ್ಕೊಂಡು ಹತ್ರ ಬಂದು ನೋಡಿದ್ಲು. ಇದು ಧೂಳಲ್ಲ ಕಣೇ, ರಂಗೋಲಿ ಅಂದ್ಲು. ಸ್ಕ್ರೀನ್ ಮೇಲೆ ಬೆರಳಿಟ್ಟು ಎಣಿಸಿದ್ಲು, ಮಧ್ಯದ ಸಾಲು ಹದಿನೈದು, ಆಮೇಲೆ ಹದಿನಾಲ್ಕು, ಹದಿಮೂರು, ಹಿಂಗೇ ಎಂಟರ ತನಕ. 15ರಿಂದ 8, ಸಂದು ಚುಕ್ಕಿ. ಎಳೆ ಅರ್ಧ ಅಷ್ಟೇ ಹಾಕಿದ್ರು ಅಜ್ಜಿ, ಫೋಟೋ ತೆಗೀತೀನಿ ಬಾ ಅಂತ ತಾತ ಎಬ್ಬಿಸಿರ್ಬೇಕು.

ಅಮ್ಮ ಈ ಮನೆಗೆ ಸೊಸೆಯಾಗಿ ಬಂದಾಗ ಅಜ್ಜಿಗೆ ಮಂಡಿ ನೋವು ಬಂದು ಬಗ್ಗೋಕೇ ಆಗ್ತಿರ್ಲಿಲ್ಲವಂತೆ, ಅಜ್ಜಿ ರಂಗೋಲಿ ಹಾಕೋದನ್ನ ಅಮ್ಮ ಒಂದು ಸಲಾನೂ ನೋಡಿಲ್ಲ. ಉಳಿದರ್ಧ ಎಳೆ ಹೆಂಗೆ ಹೋಗುತ್ತೆ ಅಂತ ಅಮ್ಮ ಹಳೇ ಕ್ಯಾಲೆಂಡರ್ ಹಿಂದೆ ಮೂರು ದಿನ ಬರೆದು ಅಳಿಸಿ ಬರೆದು ನೋಡಿದ್ಲು. ಮನೆ ಕೆಲ್ಸ ಮುಗಿದು ಹಾಲು ಉಕ್ಕಿಸಿದ ದಿನ ಬೆಳಿಗ್ಗೆ ಐದಕ್ಕೆ ಎದ್ದು, ಅದೇ ಬಾಗಿಲ ಮುಂದೆ ಅದೇ ಚುಕ್ಕಿ ಇಟ್ಟು ಎಳೆ ಪೂರ್ತಿ ಮಾಡಿದ್ಲು.